ಬಿಳಿ ಬಾಕ್ಸು

"ಈ ಮೂರು ಸಾಲು ಬೇಡ. ತೆಗೆದುಬಿಡಿ," ಎಂದು ಹೊಲಿಗೆ ಟೀಚರು ಡಿಟಿಪಿ ಅಂಗಡಿಯ ಪರದೆಯ ಮೇಲೆ, ತಾವು ಬರೆದ ಹೊಲಿಗೆ ಪುಸ್ತಕದ ಪುಟಕ್ಕೆ ಬೆರಳಿಟ್ಟರು.

ಪುಟ ಜೋಡಿಸುವ ಬಾಕ್ಸಣ್ಣ ಸಾಲು ನೋಡಲಿಲ್ಲ, ಸಾಲಿನ ಪಕ್ಕದ ಚಿತ್ರ ನೋಡಿದ. ಪುಟದ ಬಲಗಡೆ ರವಿಕೆಯ ತೋಳು ಕತ್ತರಿಸುವ ಚಿತ್ರ, ಬಿಲ್ಲಿನ ಹಾಗೆ ಬಾಗಿತ್ತು. ಅದಕ್ಕೆ ತಕ್ಕಂತೆ ಅಕ್ಷರಗಳೂ ಬಾಗಿ ನಿಂತಿದ್ದವು. ನಿಂತಿದ್ದವು ಅನ್ನುವುದಕ್ಕಿಂತ ಇವನು ನಿಲ್ಲಿಸಿದ್ದ. ಅವನ ಸಾಫ್ಟ್‌ವೇರು ಹೆಸರಿಗೆ ಮಾತ್ರ ಸಾಫ್ಟು. ಕನ್ನಡದ ಒತ್ತಕ್ಷರ ಕಂಡರೆ ಕಲ್ಲು. ಚಿತ್ರದ ಸುತ್ತ ಸಾಲು ಮುರಿ ಅಂದರೆ ಪದದ ಸೊಂಟವನ್ನೇ ಮುರಿಯುತ್ತಿತ್ತು: ಅಕ್ಷರ ಈ ಸಾಲಿನಲ್ಲಿ, ಅದರ ಒತ್ತು ಮುಂದಿನ ಸಾಲಿನಲ್ಲಿ, ಗಂಡ ಹೆಂಡತಿ ಬೇರೆ ಬೇರೆ ಬಸ್ಸು ಹತ್ತಿದ ಹಾಗೆ. ಅದಕ್ಕೆ ಪ್ರತಿ ಸಾಲಿನ ಕೊನೆಗೂ ಕಣ್ಣಳತೆಯಲ್ಲೇ ಎಂಟರ್ ಒತ್ತಿ, ಹಿಂದೆ ಮುಂದೆ ಸ್ಪೇಸ್ ತುರುಕಿ ಪುಟ ಕೂರಿಸಿದ್ದ. ಈಗ ನಡುವಿನ ಮೂರು ಸಾಲು ಕಿತ್ತರೆ ಕೆಳಗಿನವೆಲ್ಲ ಮೇಲೇರಿ ತೋಳಿನೊಳಗೆ ನುಗ್ಗುತ್ತವೆ.

"ಹೋಯ್ತು ಅಂದ್ಕೊಳ್ಳಿ ಟೀಚರೇ."

"ಅಂದ್ಕೊಳ್ಳೋದಲ್ಲ, ಹೋಗ್ಬೇಕು. ನನ್ನ ತಮ್ಮನ ವಿಷಯ. ಬರೀವಾಗ ಬಂದ್ಬಿಡ್ತು. ಅವನ ಕಿವಿಗೆ ಬೀಳೋದು ಬೇಡ."

ಆಗ ಬಾಕ್ಸಣ್ಣ ಓದಿದ. 'ದೂರದ ದೊಡ್ಡ ಕಾರ್ಖಾನೆಯಿಂದ ಮುಖ್ಯ ಕಟಿಂಗ್ ಮಾಸ್ಟರಾಗಿ ಬಾ ಎಂದು ಕರೆ ಬಂದಿತ್ತು. ತಮ್ಮನ ಕಣ್ಣು ಹೋಗಿ ಆಗಷ್ಟೇ ವರ್ಷವಾಗಿತ್ತು. ನೀನು ಹೋಗು ಎಂದು ಅವನೊಂದು ಸಲ ಅಂದಾನೆಂದು ಎಷ್ಟೋ ದಿನ ಕಾದೆ. ಅನ್ನಲಿಲ್ಲ.'

ಅವನು ಆ ಮೂರು ಸಾಲಿನ ಮೇಲೊಂದು ಬಿಳಿ ಬಾಕ್ಸು ಎಳೆದ. ಮೇಲೆ ಪುಟ್ಟ ಗುಂಡಿಗಳ ಚಿತ್ರ ಸಾಲಾಗಿ ಇಟ್ಟ. ಅವನಿಗೆ ಆ ಹೆಸರು ಬಂದದ್ದೇ ಹೀಗೆ. ಅಂಗಡಿಯ ಫೋನ್ ನಂಬರು ಬದಲಾಯಿತೋ, ಬಿಳಿ ಬಾಕ್ಸು. ಅಧ್ಯಕ್ಷರು ಜಗಳವಾಡಿ ಸಂಘ ಬಿಟ್ಟರೋ, ಬಿಳಿ ಬಾಕ್ಸು. ಅದರ ಮೇಲೆ ಹೊಸ ಅಧ್ಯಕ್ಷರು. ಅಚ್ಚಿನಲ್ಲಿ ಕಾಣದ್ದು ಇಲ್ಲವೇ ಇಲ್ಲ ಎಂಬುದು ಅವನ ವೇದಾಂತ. ಕಾಗದ ಇದುವರೆಗೆ ಅವನ ಮಾತು ತೆಗೆದುಹಾಕಿರಲಿಲ್ಲ.

ಟೀಚರು ಕನ್ನಡಕ ಏರಿಸಿ ನೋಡಿದರು. "ಗುಂಡಿ ಚೆನ್ನಾಗಿವೆ ಕಣ್ರೀ."

"ಹೊಲಿಯೋಕೂ ಬರುತ್ತೆ, ತೋಡೋಕೂ ಬರುತ್ತೆ ಟೀಚರೇ," ಅಂದ. ಟೀಚರು ನಕ್ಕು, ಛತ್ರಿ ಹುಡುಕಿಕೊಂಡು ಹೊರಟರು.

ಸಂಜೆ ಫೋನು ಬಂತು. "ಏನ್ರೀ ಬಾಕ್ಸಣ್ಣ, ಪುಸ್ತಕದ ಅಂಚು ಮಡಚಿ ಆಯ್ತಾ? ಕೈ ಓಡ್ಲಿ!" ಟೀಚರದೇ ಗಂಟಲು. ಬಾಕ್ಸಣ್ಣ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ಆಮೇಲೆ ಆ ಕಡೆಯಿಂದ ಗಂಡಸಿನ ನಗು.

ಟೀಚರ ತಮ್ಮ. ಎದುರಿನ ಆಸ್ಪತ್ರೆಯ ಫೋನ್ ಬೋರ್ಡಿನ ಮುಂದೆ ಕೂರುವವನು. ಅವನು ಫೋನ್ ಆಪರೇಟರು, ಬಾಕ್ಸಣ್ಣ ಕಂಪ್ಯೂಟರ್ ಆಪರೇಟರು, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಆಪರೇಟರೇ ಎಂದೇ ಕರೆಯುತ್ತಿದ್ದರು. "ಆಸ್ಪತ್ರೆಯಲ್ಲಿ ಯಾರನ್ನೂ ಕೊಯ್ಯದ ಒಬ್ಬನೇ ಆಪರೇಟರು ನಾನು," ಎಂದು ಅವನು ಹೇಳಿಕೊಳ್ಳುವುದಿತ್ತು. ಡಾಕ್ಟರುಗಳ ಕೆಮ್ಮು, ದಾದಿಯರ ರಾಗ, ಲಿಫ್ಟಿನ ಬಾಗಿಲು, ಎಲ್ಲವೂ ಅವನ ಗಂಟಲಲ್ಲಿದ್ದವು.

"ಆಪರೇಟರೇ, ಅಕ್ಕನ ಪುಸ್ತಕ ಅಚ್ಚಾದ್ರೆ ಅದು ನಿಮಗೆಲ್ಲ. ನನಗೆ ಫೈಲೇ ಪುಸ್ತಕ. ಕಳ್ಸಿ, ನನ್ನ ಫೋನಿನೊಳಗೆ ಅಕ್ಷರ ಓದಿ ಹೇಳೋ ಫೋನಮ್ಮ ಇದ್ದಾಳಲ್ಲ, ಓದ್ತಾಳೆ. ನಾಳೆ ಅಕ್ಕನ ಮುಂದೆ ಒಂದು ಪಾಠ ಬಾಯಿಪಾಠ ಒಪ್ಪಿಸಿ ಬೆಚ್ಚಿಬೀಳಿಸ್ಬೇಕು."

ಬಾಕ್ಸಣ್ಣ ಪಿಡಿಎಫ್ ಮಾಡಿದ. ಕಳಿಸುವ ಮುಂಚೆ ತೋಳಿನ ಪುಟವನ್ನು ದೊಡ್ಡದು ಮಾಡಿ ನೋಡಿದ. ಗುಂಡಿ ಬಿಟ್ಟರೆ ಏನೂ ಇರಲಿಲ್ಲ. ಕಳಿಸಿದ.

ಮರುದಿನ ಮಧ್ಯಾಹ್ನ ಟೀಚರ ತಮ್ಮನು ಆಸ್ಪತ್ರೆಯ ಕಾವಲುಗಾರನ ಜೊತೆ ರಸ್ತೆ ದಾಟಿ ಬಂದ. ಬಾಗಿಲಲ್ಲಿ ಯಾರ ದನಿಯನ್ನೂ ತೆಗೆಯಲಿಲ್ಲ. ಸ್ಟೂಲು ತಡವಿ ಕೂತ.

"ತೋಳಿನ ಪುಟ ತೆಗೀರಿ. ಏನಿದೆ ಅಲ್ಲಿ?"

"ತೋಳಿದೆ. ಗುಂಡಿ ಇವೆ."

"ಗುಂಡಿ ಕೆಳಗೆ?"

ತಮ್ಮನು ಕತ್ತು ನೇರ ಮಾಡಿ, ಫೋನಮ್ಮನ ದನಿ ತೆಗೆದ. ಏರಿಲ್ಲದ, ಇಳಿವಿಲ್ಲದ, ಯಾರ ಮನೆಯವಳೂ ಅಲ್ಲದ ದನಿ. "ನೀನು ಹೋಗು ಎಂದು ಅವನೊಂದು... ಸಲ ಅಂದಾನೆಂದು ಎಷ್ಟೋ ದಿನ ಕಾದೆ. ಅನ್ನಲಿಲ್ಲ." ಬಾಕ್ಸಣ್ಣ ಎಲ್ಲಿ ಎಂಟರ್ ಒತ್ತಿದ್ದನೋ ಸರಿಯಾಗಿ ಅಲ್ಲೇ ಆ ದನಿ ತಡೆದು ನಿಂತಿತು. ಅಷ್ಟು ಪಕ್ಕಾ ಅನುಕರಣೆ. ಅಭ್ಯಾಸಬಲದಿಂದ ಬಾಕ್ಸಣ್ಣನಿಗೆ ನಗು ಬರಲು ಹೊರಟಿತ್ತು. ಫೈಲಿನೊಳಗಿನ ಅಕ್ಷರ ಓದುವ ಫೋನಮ್ಮನಿಗೆ ಕಣ್ಣಿಲ್ಲ, ಬಿಳಿ ಬಾಕ್ಸು ಅವಳಿಗೆ ಅಡ್ಡಿಯಿಲ್ಲ ಎಂಬುದು ಅವನಿಗೆ ಹೊಳೆದದ್ದು ಆಗಲೇ.

"ಅದು... ಬೇರೆ ಯಾರದೋ ಪುಸ್ತಕದ ಸಾಲು ಸೇರ್ಕೊಂಡಿರ್ಬೇಕು."

"ಆ ಪುಸ್ತಕದಲ್ಲೂ ಕಣ್ಣು ಹೋದ ತಮ್ಮ ಇದ್ದಾನಾ ಆಪರೇಟರೇ?"

ಮೂಲೆಯ ಪ್ರಿಂಟರು ಯಾರದೋ ಬಯೋಡೇಟಾ ಉಗುಳಿ ಸುಮ್ಮನಾಯಿತು.

"ತಪ್ಪು ನಂದು," ಅಂದ ಬಾಕ್ಸಣ್ಣ. "ಟೀಚರು ಅಳಿಸಿ ಅಂದಿದ್ರು. ನಾನು ಮುಚ್ಚಿದೆ."

ತಮ್ಮ ತಲೆಯಾಡಿಸಿದ. "ಕೆಲಸಕ್ಕೆ ಕರೆದಿದ್ರು ಅನ್ನೋದೇ ನಂಗೆ ಗೊತ್ತಿರ್ಲಿಲ್ಲ. ಗೊತ್ತಿದೆ ಅಂದ್ಕೊಂಡೇ ಅವಳು ಕಾದಿರ್ಬೇಕು. ನಮ್ಮಕ್ಕನಿಗೆ ಊರು ಬಿಡೋಕೆ ಮನಸಿಲ್ಲ, ಮನೆಯಲ್ಲೇ ಕ್ಲಾಸ್ ಇಟ್ಕೊಂಡ್ಳು ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದಿದೀನಿ. ಗೊತ್ತಿದ್ರೆ ಹೋಗು ಅಂತಿದ್ನಾ? ರಾತ್ರಿಯೆಲ್ಲ ಅದೇ. ಅಂತಿದ್ದೆ ಅಂತ ಎದೆ ತಟ್ಟಿ ಹೇಳೋಕೆ ಆಗ್ತಿಲ್ಲ."

"ಟೀಚರಿಗೆ ನಾನು ಹೇಳ್ತೀನಿ. ನನ್ನಿಂದ ಹೀಗಾಯ್ತು ಅಂತ."

"ಬೇಡ. ಅವಳ ಪಾಲಿಗೆ ಅದು ಅಳಿಸಿ ಹೋಗಿದೆ. ಇರ್ಲಿ ಬಿಡಿ."

ಅವನು ಹೋದ ಮೇಲೆ ಬಾಕ್ಸಣ್ಣ ಗುಂಡಿಗಳನ್ನು ಕಿತ್ತ. ಬಿಳಿ ಬಾಕ್ಸು ಎಳೆದು ಹಾಕಿದ. ಕೆಳಗೆ ಮೂರು ಸಾಲು ಇದ್ದಲ್ಲೇ ಇದ್ದವು. ಅಳಿಸಿದ. ನೆನೆಸಿದ ಹಾಗೇ ಕೆಳಗಿನವೆಲ್ಲ ಮೇಲೇರಿ ತೋಳಿನೊಳಗೆ ನುಗ್ಗಿದವು. ಒಂದೊಂದಾಗಿ ಎಂಟರ್ ಒತ್ತಿ, ಸ್ಪೇಸ್ ಕೊಟ್ಟು ಮತ್ತೆ ಬಾಗಿಸಿದ. ಪುಟ ಮೊದಲಿಗಿಂತ ಲಕ್ಷಣವಾಗಿಯೇ ಕೂತಿತು. ಕೆಲಸಕ್ಕೆ ಕೂರುವಾಗ ಪಕ್ಕದಲ್ಲಿಟ್ಟಿದ್ದ ಟೀ ಇನ್ನೂ ಬಿಸಿಯಾಗಿತ್ತು. ಅವನು ಅದನ್ನು ಕುಡಿಯಲಿಲ್ಲ.

ಪುಸ್ತಕ ಬಂದ ದಿನ ಅಕ್ಕ ತಮ್ಮ ಇಬ್ಬರೂ ಬಂದರು. ಟೀಚರು ಕಟ್ಟು ಬಿಚ್ಚಿ, ಬಟ್ಟೆಯ ಥಾನು ನೋಡುವಂತೆ ಕಾಗದವನ್ನು ಬೆರಳಲ್ಲಿ ಉಜ್ಜಿ ನೋಡಿದರು. ತೋಳಿನ ಪುಟ ತೆರೆದರು. "ಗುಂಡಿ ಎಲ್ಲಿ ಹೋದ್ವು?"

"ಬೇಡ ಅನ್ನಿಸ್ತು ಟೀಚರೇ."

"ಹೀಗೇ ಚೆನ್ನಾಗಿದೆ," ಅಂದು ಒಂದು ಪ್ರತಿಯನ್ನು ತಮ್ಮನ ಕೈಗಿಟ್ಟರು. ಅವನು ರಟ್ಟಿನ ಮೇಲೆ ಕೈಯಾಡಿಸಿ, "ನುಣುಪಾಗಿದೆ ಅಕ್ಕ," ಅಂದ.

ಹೊರಡುವಾಗ ಟೀಚರು ಕಟ್ಟನ್ನು ಎಡಗೈಗೆ ಬದಲಾಯಿಸಿಕೊಂಡು ಬಲ ಮೊಣಕೈ ಮಡಚಿ ಹಿಡಿದರು. "ಬಾ, ಮೆಟ್ಟಿಲಿದೆ."

"ನೀನು ಮುಂದೆ ನಡಿ ಅಕ್ಕ. ಗೋಡೆ ಇದೆಯಲ್ಲ."

"ಇದೇನೋ ಹೊಸದು?"

"ಅಭ್ಯಾಸ ಆಗ್ಲಿ ಅಂತ."

ಟೀಚರು ತಿರುಗಿ ನೋಡಿದರು. "ಒಂದು ವಾರದಿಂದ ಹೀಗೇ ಆಡ್ತಾನೆ. ಇವನಿಗೇನಾಗಿದೆ, ನಿಮಗೇನಾದ್ರೂ ಗೊತ್ತಾ ಬಾಕ್ಸಣ್ಣ?"

"ಇಲ್ಲ ಟೀಚರೇ," ಅಂದ ಬಾಕ್ಸಣ್ಣ.

ತಮ್ಮ ಆಗಲೇ ಮೆಟ್ಟಿಲಿಳಿದಿದ್ದ. ಅವನ ಅಂಗೈ ಪಕ್ಕದ ಅಂಗಡಿಯ ಷಟರನ್ನು, ನೀರಿನ ಕೊಳವೆಯನ್ನು, ಅರ್ಧ ಕಿತ್ತ ಪೋಸ್ಟರನ್ನು ಸವರುತ್ತ ನಿಧಾನವಾಗಿ ಹೋಗುತ್ತಿತ್ತು. ಅವನಿಂದ ಒಂದು ಹೆಜ್ಜೆ ಹಿಂದೆ ಟೀಚರು ನಡೆಯುತ್ತಿದ್ದರು. ಅವರ ಮೊಣಕೈ ಇನ್ನೂ ಮಡಚಿಯೇ ಇತ್ತು.