ಅದಲುಬದಲು

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ಆ ಮೂರನೇ ಮಹಡಿಯ ಮನೆಯಲ್ಲಿ ಬೆಳಗಿನ ತಿಂಡಿಯ ಹೊತ್ತು. ಹರಿಣಾಕ್ಷಿ ಕಿವಿಗೂ ಭುಜಕ್ಕೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ದೋಸೆ ಮಗುಚುತ್ತಿದ್ದಳು.

"ನೀರು ಸರಿ ಕುಡೀತೀರಲ್ಲ? ಬಿಸಿಲಲ್ಲಿ ತಿರುಗ್ಬೇಡಿ ಮಾರಾಯ್ರೆ. ಮಾತ್ರೆ ತಪ್ಪಿಸಿದ್ರೆ ನಾನೇ ಬಂದು ಬೈತೇನೆ!" ಎಂದು ನಕ್ಕಳು.

ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದ ಲೀಲಾಧರನಿಗೆ ಆ ನಗು ಚುಚ್ಚಿತು. ಆಚೆ ಕಡೆ ಯಾರಿದ್ದಾರೆಂದು ಕೇಳಬೇಕಾಗಿರಲಿಲ್ಲ. ಮಾನಪ್ಪ.

ಸ್ಟೇಷನ್ ಹತ್ತಿರದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಲೀಲಾಧರನ ಕಿಡ್ನಿಗಳೆರಡೂ ಕೈಕೊಟ್ಟಿದ್ದವು. ಹೆಂಡತಿ ತನ್ನದನ್ನು ಕೊಡಲು ಸಿದ್ಧಳಿದ್ದಳು, ಆದರೆ ರಕ್ತದ ಗುಂಪು ಹೊಂದಲಿಲ್ಲ. ಆಗ ಠಾಣೆ ಪಟ್ಟಣದ ಆಸ್ಪತ್ರೆಯ ಡಾಕ್ಟರು ಹೊಸ ಕಾನೂನಿನ ಮಾತೆತ್ತಿದರು. ನವಿ ಮುಂಬಯಿಯ ಕೋಪರಖೈರಣೆಯಲ್ಲಿದ್ದ, ಯಾದಗಿರಿ ಕಡೆಯ, ಕಟ್ಟಡ ಕೆಲಸದ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಮಾನಪ್ಪನಿಗೂ ಇದೇ ಕಷ್ಟ. ಅವನ ಹೆಂಡತಿ ಭೀಮಮ್ಮನ ಕಿಡ್ನಿ ಲೀಲಾಧರನಿಗೆ ಹೊಂದುತ್ತಿತ್ತು, ಹರಿಣಾಕ್ಷಿಯದು ಮಾನಪ್ಪನಿಗೆ. ಹಾಗೆ ಅದಲುಬದಲು ಮಾಡಿಕೊಳ್ಳಲು ಈಗ ಕಾನೂನು ಒಪ್ಪುತ್ತದೆ ಎಂದರು. "ಬೇರೆಯವರಿಗೆ ಕೊಡಲು ನಿಮಗೆ ಮನಸ್ಸಿದೆಯೇ?" ಎಂದು ಅಂಗದಾನಕ್ಕೆ ಅನುಮತಿ ಕೊಡುವ ಸಮಿತಿಯವರು ಕೇಳಿದಾಗ ಹರಿಣಾಕ್ಷಿ, "ನಾನು ಕೊಡುವುದು ನನ್ನ ಗಂಡನಿಗೇ ಸಾರ್. ದಾರಿ ಸ್ವಲ್ಪ ಸುತ್ತು, ಅಷ್ಟೇ" ಎಂದಿದ್ದಳು. ಕಳೆದ ವರ್ಷ, 2015ರ ಮಳೆಗಾಲದಲ್ಲಿ, ನಾಲ್ವರಿಗೂ ಒಂದೇ ದಿನ ಆಪರೇಷನ್ ಆಯಿತು.

ಜೀವ ಉಳಿಯಿತು, ನೆಮ್ಮದಿ ಉಳಿಯಲಿಲ್ಲ. ತನ್ನ ಹೆಂಡತಿಯ ಮೈಯ ತುಂಡೊಂದು ಇನ್ನೊಬ್ಬ ಗಂಡಸಿನೊಳಗೆ ಹಗಲಿರುಳು ಕೆಲಸ ಮಾಡುತ್ತಿದೆ ಎಂಬ ಯೋಚನೆ ಲೀಲಾಧರನನ್ನು ಕೊರೆಯತೊಡಗಿತು. ಯಾರಲ್ಲೂ ಹೇಳಿಕೊಳ್ಳುವ ಮಾತಲ್ಲ ಅದು. ಮಾನಪ್ಪನ ರಿಪೋರ್ಟ್ ಚೆನ್ನಾಗಿದೆ ಎಂದು ತಿಳಿದ ದಿನ ಹರಿಣಾಕ್ಷಿ ಪಾಯಸ ಮಾಡಿದಳು. ತನ್ನ ರಿಪೋರ್ಟಿಗೆ ಹೀಗೆ ಮಾಡಿದ್ದಳೇ ಎಂದು ಅವನು ನೆನಪಿಸಿಕೊಳ್ಳುತ್ತ ಕೂತ. ಒಂದು ನಾಮಕರಣದ ಊಟದಲ್ಲಿ ಅವನ ಅಕ್ಕ ಪುಷ್ಪಾವತಿ, "ನಮ್ಮ ಹರಿಣಾಕ್ಷಿಗೆ ಈಗ ಇಬ್ಬರು ಗಂಡಸರ ಚಾಕರಿ" ಎಂದು ತಮಾಷೆ ಮಾಡಿದಾಗ ಪಂಕ್ತಿಯೆಲ್ಲ ನಕ್ಕಿತು. ಅವನು ಅರ್ಧಕ್ಕೇ ಎಲೆ ಮಡಚಿ ಎದ್ದ.

ಮರುದಿನ ಹರಿಣಾಕ್ಷಿ ಸ್ನಾನಕ್ಕೆ ಹೋದಾಗ ಅವಳ ಮೊಬೈಲಿನಿಂದ ಮಾನಪ್ಪನ ನಂಬರ್ ಅಳಿಸಿ, ಆ ಕಡೆಯ ಕರೆ ಬಾರದಂತೆ ಬ್ಲಾಕ್ ಮಾಡಿದ.

"ಅವರ ಫೋನೇ ಇಲ್ಲ. ನಂಬರ್ ಕೂಡ ಎಲ್ಲಿ ಹೋಯ್ತೋ, ಕಾಣ್ತಾ ಇಲ್ಲ. ನಿಮ್ಮಲ್ಲಿ ಉಂಟಾ?" ಎಂದು ಅವಳು ಕೇಳಿದಾಗ, "ನನಗೆಂತ ಗೊತ್ತು?" ಎಂದು ಮುಖ ತಿರುಗಿಸಿದ. ಅವಳು ಮಂಕಾದಳು. ಆ ಮಂಕು ಅವನ ಹೊಟ್ಟೆಕಿಚ್ಚನ್ನು ಇನ್ನಷ್ಟು ಊದಿತು.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಮಾನಪ್ಪ, ಭೀಮಮ್ಮ. ಠಾಣೆಯಲ್ಲಿ ರೈಲು ಬದಲಿಸಿ, ಮೂರು ಮಹಡಿ ಹತ್ತಿ ಬಂದ ಮಾನಪ್ಪ ಏದುಸಿರು ಬಿಡುತ್ತಿದ್ದ.

"ಅಕ್ಕಾರ ಫೋನ ಹತ್ತವಲ್ತ್ರಿ. ಏನಾರ ಆಗೇತೇನೋ ಅಂತ ಗಾಬರಿ ಆತು," ಎಂದವನು ಹರಿಣಾಕ್ಷಿಯತ್ತ ತಿರುಗಿದ. "ಆಪರೇಶನ್ ಹೊಲಿಗಿ ನೋವು ಕಡಿಮಿ ಆತೇನ್ರಿ?"

"ಯಾವ ನೋವು?" ಲೀಲಾಧರ ಹೆಂಡತಿಯನ್ನು ನೋಡಿದ. ಅವಳು ತಲೆ ತಗ್ಗಿಸಿದಳು.

"ಅಯ್ಯ, ನಿಮಗ ಹೇಳಿಲ್ಲೇನ್ರಿ?" ಎಂದಳು ಭೀಮಮ್ಮ. "ಎರಡು ತಿಂಗಳಾತು, ಬಗ್ಗಿದ್ರ ಎಳೀತೈತಿ ಅಂತಾರ. ನನಗೂ ಹಂಗ ಆಗಿತ್ರಿ. ಇವರು ದವಾಖಾನಿಗೆ ಕರಕೊಂಡು ಹೋದ ಮ್ಯಾಲ ಕಡಿಮಿ ಆತು."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ," ಎಂದಳು ಹರಿಣಾಕ್ಷಿ. ದನಿಯಲ್ಲಿ ಸಿಟ್ಟಿರಲಿಲ್ಲ.

ಲೀಲಾಧರ ಹೆಂಡತಿಯ ಮೊಬೈಲನ್ನು ಎತ್ತಿ ಅವಳ ಮುಂದಿಟ್ಟ. ಆಮೇಲೆ, "ಫೋನ್ ಹತ್ತದ ಹಾಗೆ ಮಾಡಿದ್ದು ನಾನೇ. ನೀವಿಬ್ಬರೂ ಮಾತಾಡುವುದು ನನಗೆ ಆಗ್ತಿರಲಿಲ್ಲ," ಎಂದ.

ಹರಿಣಾಕ್ಷಿಯ ಮುಖ ಕೆಂಪೇರಿತು. "ಇಷ್ಟು ವರ್ಷ ಸಂಸಾರ ಮಾಡಿ ನನ್ನನ್ನು ಅರ್ಥ ಮಾಡ್ಕೊಂಡದ್ದು ಇಷ್ಟೆಯಾ? ಅವರು ಚೆನ್ನಾಗಿದ್ರೆ ಮಾತ್ರ ಇಷ್ಟು ತ್ಯಾಗ ಮಾಡಿದ ಭೀಮಮ್ಮನಿಗೆ ನಾವು ಮುಖ ತೋರಿಸಬಹುದು ಅಂತ ನಾನು ದಿನಾ ಕೇಳ್ತಿದ್ದೆ."

ಮಾನಪ್ಪ ಲೀಲಾಧರನ ಕಡೆ ತಿರುಗಿದ. "ನನಗೂ ಮೊದಲ ಹಂಗ ಅನಿಸಿತ್ರಿ ಅಣ್ಣಾರ. ನಿಮ್ಮ ಹೆಸರು ತೆಗದ್ರ ಇಕೀ ಮ್ಯಾಲ ಹರಿಹಾಯ್ತಿದ್ದೆ. ಒಂದಿನ ರಾತ್ರಿ ನೋವು ತಡಿಲಾರದ ಅತ್ಲು. ನನ್ನ ಸಲುವಾಗಿ ಕೊಯ್ಸಿಕೊಂಡಾಕಿನ್ನ ನಾನ ಬೈಲಿಕ್ಹತ್ತೀನಲ್ಲ ಅಂತ ನಾಚಿಕಿ ಬಂತು."

ಭೀಮಮ್ಮ ಎದ್ದು, "ಚಹಾ ನಾ ಮಾಡ್ತೀನಿ, ನೀವು ಕೂಡ್ರಿ ಅಕ್ಕಾರ" ಎಂದು ಅಡುಗೆಮನೆಗೆ ನಡೆದಳು.

ಎರಡು ದಿನ ಹರಿಣಾಕ್ಷಿ ಗಂಡನೊಡನೆ ಬೇಕಾದಷ್ಟೇ ಮಾತಾಡಿದಳು. ಮೂರನೆಯ ದಿನ ಇಬ್ಬರೂ ಠಾಣೆಯ ಆಸ್ಪತ್ರೆಗೆ ಹೋದರು. ಡಾಕ್ಟರು ಎಂದಿನಂತೆ ಲೀಲಾಧರನಿಗೆ ಕುರ್ಚಿ ತೋರಿಸಿ, "ಹೇಗಿದ್ದೀರಿ?" ಎಂದರು.

ಅವನು ಕೂರಲಿಲ್ಲ. ಕುರ್ಚಿಯನ್ನು ಹೆಂಡತಿಯ ಕಡೆ ಎಳೆದ. "ಪೇಷಂಟ್ ನಾನಲ್ಲ ಡಾಕ್ಟ್ರೇ. ಇವತ್ತು ಇವಳನ್ನು ನೋಡಿ."

ಪರೀಕ್ಷೆಯ ಮಂಚದ ಮೇಲೆ ಮಲಗಿ ಹರಿಣಾಕ್ಷಿ ಸೆರಗು ಸರಿಸಿದಳು. ಪಕ್ಕೆಯಿಂದ ಹೊಟ್ಟೆಯ ಕಡೆಗೆ ಬಾಗಿದ ಉದ್ದನೆಯ ಗಾಯದ ಗುರುತು ಇನ್ನೂ ಕೆಂಪಾಗಿತ್ತು. ಲೀಲಾಧರ ಅದನ್ನು ಮೊದಲ ಸಲ ನೋಡುತ್ತಿದ್ದ.

"ಎಲ್ಲಿ ನೋವು?" ಡಾಕ್ಟರು ಕೇಳುವ ಮೊದಲೇ ಅವನು ಬಾಗಿ ಕೇಳಿದ.