ಬಿಟ್ಟು ಕೊಟ್ಟ ಹಜಾರ

ಸಾಮಾನು ತುಂಬಿದ ವ್ಯಾನು ಗಡಿಯಾರ ಗೋಪುರದ ಪಕ್ಕದ ಓಣಿಗೆ ನುಗ್ಗಲಾರದೆ ನಿಂತಾಗಲೇ ಅವನ ತಾಳ್ಮೆ ಅರ್ಧ ಮುಗಿದಿತ್ತು. ಉಳಿದರ್ಧ ಎರಡನೇ ಮಹಡಿಯಲ್ಲಿ, ಹೊಸ ಮನೆಯ ಹಜಾರದ ಬಾಗಿಲ ಮುಂದೆ ಮುಗಿಯಿತು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಯಾರೋ ಕೆಮ್ಮಿದರು.

"ಯಾರ್ರೀ ಅದು?" ಎಂದಳು ಹೆಂಡತಿ. ಅವಳ ಹೆಗಲ ಮೇಲೆ ಬಟ್ಟೆಯ ದೊಡ್ಡ ಸುರುಳಿ ಇತ್ತು. ಅದನ್ನು ಮಾತ್ರ ಕೂಲಿಯವರ ಕೈಗೆ ಕೊಡದೆ ತಾನೇ ಹೊತ್ತು ತಂದಿದ್ದಳು.

ಬಾಗಿಲು ತೆರೆದವರು ಮನೆ ಮಾರಿದ ಹಲ್ಲಿನ ಡಾಕ್ಟರೇ. ಇಸ್ತ್ರಿ ಮಾಡಿದ ಬಿಳಿ ಕೋಟು ಬೇರೆ.

"ಬನ್ನಿ ಬನ್ನಿ. ಕೋಣೆ ಎಲ್ಲಾ ಗುಡಿಸಿಟ್ಟಿದೀನಿ. ಮೂರೂ ನಿಮ್ಮವು, ಅಡುಗೆಮನೆ ನಿಮ್ಮದು. ಇದೊಂದು ಹಜಾರ ಮಾತ್ರ ನನ್ನದು. ನನ್ನಿಂದ ನಿಮಗೇನೂ ತೊಂದರೆ ಆಗಲ್ಲ."

ಆ ಹಜಾರಕ್ಕಾಗಿಯೇ ಅವರು ಈ ಮನೆ ಕೊಂಡದ್ದು. ಹೆಂಡತಿ ನಾಟಕ ಮಂದಿರಗಳಿಗೆ ಪರದೆ ಹೊಲಿಯುವವಳು. ಹಳೆಯ ಮನೆಯಲ್ಲಿ ಪ್ರತಿದಿನ ಬೆಳಿಗ್ಗೆ ಮಂಚ ಎತ್ತಿ ಗೋಡೆಗೆ ಒರಗಿಸಿ, ಸಿಕ್ಕಷ್ಟು ನೆಲದಲ್ಲಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕತ್ತರಿಸುತ್ತಿದ್ದಳು. ಮಡಿಸಿದ ಬಟ್ಟೆ ಜಾರುತ್ತದೆ. ಒಮ್ಮೆ ಒಂದು ಪರದೆಯ ಅಂಚು ಗೇಣುದ್ದ ಗಿಡ್ಡವಾಗಿ, ರಂಗದ ಮೇಲೆ ನಟರ ಚಪ್ಪಲಿಗಳು ಕಂಡು, ಜನ ಬಿದ್ದು ಬಿದ್ದು ನಕ್ಕಿದ್ದರು. ಅವಳು ಎರಡು ದಿನ ಊಟ ಬಿಟ್ಟಿದ್ದಳು. ಒಂದು ಪರದೆಯನ್ನಾದರೂ ಮಡಿಸದೆ ಹಾಸಿ ಕತ್ತರಿಸಬೇಕು ಎನ್ನುವುದೊಂದೇ ಅವಳ ಆಸೆ.

ಈ ಮನೆ ನೋಡಲು ಬಂದ ದಿನ ಅವಳು ಕಿಟಕಿಯಿಂದ ಗೋಡೆಯವರೆಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ಅಳೆದಿದ್ದಳು. ಮೂವತ್ತನಾಲ್ಕು ಅಡಿ. ಕೆಳಗೆ ವಾದ್ಯದಂಗಡಿಯವನು ತುತ್ತೂರಿ ಊದಿ ಪರೀಕ್ಷಿಸುತ್ತಿದ್ದ, ಎದುರಿಗೆ ಹಳೇ ಪುಸ್ತಕದವನು ಗಿರಾಕಿಯೊಡನೆ ಜಗಳಕ್ಕೆ ನಿಂತಿದ್ದ, ಬೀದಿಯ ಕೊನೆಗೆ ನೂರೈವತ್ತು ವರ್ಷದ ನಾಟಕ ಮಂದಿರ. ಹಜಾರದ ನಡುವೆ ಹಲ್ಲು ಕೀಳುವ ಕುರ್ಚಿ ಇತ್ತು. "ಇದನ್ನ ತೆಗೆಸಿಬಿಡ್ತೀನಿ" ಎಂದಿದ್ದರು ಡಾಕ್ಟರು. ಹಳೆಯ ಮನೆಯನ್ನು ಮಾರಿಯೇ ಇದನ್ನು ಕೊಂಡಿದ್ದರಿಂದ ಈಗ ಹಿಂದಕ್ಕೆ ಹೋಗುವ ಮಾತೂ ಇರಲಿಲ್ಲ.

"ನಿಮ್ಮದು ಹೇಗಾಗುತ್ತೆ ಡಾಕ್ಟ್ರೇ? ಪತ್ರ ಆಗಿದೆ, ಸಹಿ ಆಗಿದೆ!" ಅವನ ಧ್ವನಿ ಮೆಟ್ಟಿಲ ಕೆಳಗಿನವರಿಗೂ ಕೇಳಿಸಿತು.

"ಪತ್ರದಲ್ಲೇ ಇದೆಯಲ್ಲ ಸ್ವಾಮಿ" ಎಂದು ಡಾಕ್ಟರು ಕೋಟಿನ ಜೇಬಿನಿಂದ ತಮ್ಮ ಪ್ರತಿಯನ್ನು ತೆಗೆದು ಓದಿದರು. "'ಬೀದಿ ಕಡೆಯ ಹಜಾರವನ್ನು ಬಿಟ್ಟು...'" ಇಲ್ಲಿ ಉಸಿರು ತೆಗೆದುಕೊಂಡರು. "'...ಕೊಡಲಾಗಿದೆ.' ಹಜಾರ ಬಿಟ್ಟು, ಮಿಕ್ಕಿದ್ದು ಕೊಟ್ಟಿದೀನಿ."

"ಬಿಟ್ಟುಕೊಡಲಾಗಿದೆ!" ಎಂದು ಅವನು ಕೂಗಿದ. "ಒಂದೇ ಪದ! ಅಂದ್ರೆ ನಮಗೆ ವಹಿಸಿಕೊಟ್ಟಿದೀರಿ ಅಂತ!"

"ಇಲ್ಲಿ ಎರಡಿದೆ."

ಇಣುಕಿ ನೋಡಿದರೆ ನಿಜವಾಗಿಯೂ ಎರಡಿತ್ತು. ನಡುವೆ ಇರುವೆ ಹಾಯುವಷ್ಟು ಜಾಗ. ಆ ಜಾಗದಲ್ಲಿ ಮೂವತ್ತನಾಲ್ಕು ಅಡಿಯ ಹಜಾರ ಮುಳುಗಿ ಹೋಗಿತ್ತು.

ಇದರಲ್ಲಿ ಮೈ ಪರಚಿಕೊಳ್ಳುವ ಸಂಗತಿಯೆಂದರೆ, ಅವನ ಕಸುಬೇ ಇದು. ಶಾಲೆಯ ಪಠ್ಯಪುಸ್ತಕ ಅಚ್ಚು ಮಾಡುವ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದ. ಬೀದಿಯ ಆಚೆ ಬದಿಯ ಬೋರ್ಡಿನಲ್ಲಿ ಒತ್ತು ಬಿಟ್ಟುಹೋಗಿದ್ದರೆ ಈಚೆ ಬದಿಯಿಂದಲೇ ಹಿಡಿಯುತ್ತಿದ್ದ ಕಾರಣ ಪ್ರೆಸ್ಸಿನಲ್ಲಿ ಅವನ ಅಡ್ಡಹೆಸರೇ ಒತ್ತಕ್ಷರ. ಅದನ್ನು ಕೇಳಿ ಒಳಗೊಳಗೇ ಬೀಗುತ್ತಿದ್ದ ಕೂಡ. ಮಾರಾಟಪತ್ರದ ಕರಡನ್ನೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿ, ಹತ್ತೊಂಬತ್ತು ತಪ್ಪು ಹಿಡಿದು, ದಲ್ಲಾಳಿಯ ಮುಂದೆ ಮೀಸೆ ತಿರುವಿದ್ದ.

"ಆ ಪತ್ರ ಬರೆದ ಅಯೋಗ್ಯ! ನಾನು ತಿದ್ದಿ ಕೊಟ್ಟಿದ್ದನ್ನೂ ಹಾಳು ಮಾಡಿದಾನೆ. ಈಗಲೇ ತೋರಿಸ್ತೀನಿ" ಎಂದು ಅವನು ಚೀಲಕ್ಕೆ ಕೈ ಹಾಕಿದ. ಕರಡನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ತಾನು ಹಿಡಿದ ತಪ್ಪುಗಳನ್ನು ಆಗಾಗ ನೋಡಿ ಸಂತೋಷಪಡುವ ಚಾಳಿ ಅವನಿಗಿತ್ತು. ಹೆಂಡತಿ ಸುರುಳಿಯನ್ನು ಗೋಡೆಗೆ ಒರಗಿಸಿ, ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

ಅವಳು ತುಂಬಾ ಹೊತ್ತು ಓದಿದಳು.

"ಪತ್ರ ಬರೆದವನು ಸೇರಿಸೇ ಬರೆದಿದಾನೆ" ಎಂದಳು.

"ಏನು?"

"ಒಂದೇ ಪದ. ಅದರ ಮಧ್ಯೆ ಕೆಂಪು ಗೀಟು ಹಾಕಿರೋದು ನೀವು. ಪಕ್ಕದಲ್ಲಿ 'ಜಾಗ ಬಿಡಿ' ಅಂತ ಬರೆದಿರೋದೂ ನೀವೇ. ನಿಮ್ಮದೇ ಮುತ್ತಿನಂಥ ಅಕ್ಷರ."

ಅವನ ಕಿವಿ ಕಾದುಹೋಯಿತು. ಎರಡನೇ ತರಗತಿಯ ಮಕ್ಕಳು ಉದ್ದದ ಪದ ಕಂಡರೆ ತಡವರಿಸುತ್ತಾರೆಂದು ಪ್ರೆಸ್ಸಿನಲ್ಲಿ ಅಂಥವನ್ನೆಲ್ಲ ಬಿಡಿಸಿ ಹಾಕುವುದು ನಿಯಮ. ಇಪ್ಪತ್ತೆರಡು ವರ್ಷ ಬಿಡಿಸಿದ ಕೈ ಇಲ್ಲಿಯೂ ಬಿಡಿಸಿತ್ತು. ಮನಸ್ಸಿನ ಅಪ್ಪಣೆಯನ್ನೇ ಕೇಳಿರಲಿಲ್ಲ.

"ಸಹಿ ಹಾಕೋ ದಿನ ಮೂರು ಸಲ ಓದಿದೆ" ಎಂದರು ಡಾಕ್ಟರು, ಈಗ ಸ್ವಲ್ಪ ಮೆಲ್ಲಗೆ. "ಮೂವತ್ತೆಂಟು ವರ್ಷ ಇಲ್ಲಿ ಕೂತವನು ನಾನು. ಬಿಟ್ಟು ಹೋಗೋದು ಹೇಗಪ್ಪಾ ಅಂತಿದ್ದೆ. ಈ ಮನುಷ್ಯ ಕೇಳದೇನೇ ನನ್ನ ಹಜಾರ ನನಗೆ ಬಿಟ್ಟಿದಾನಲ್ಲ ಅಂತ ಕಣ್ಣಲ್ಲಿ ನೀರು ಬಂತು. ಅದಕ್ಕೇ ಅವತ್ತು ನಿಮ್ಮ ಕೈ ಹಿಡಕೊಂಡಿದ್ದು."

ಹೌದು, ಹಿಡಿದುಕೊಂಡಿದ್ದರು, ಎರಡೂ ಕೈಯಿಂದ. ಮುದುಕರಿಗೆ ಮನೆ ಬಿಡುವ ದುಃಖ ಎಂದು ಇವನು ಬೆನ್ನು ಬೇರೆ ತಟ್ಟಿದ್ದ. ಡಾಕ್ಟರು ಹೇಳುತ್ತಿರುವುದು ನಿಜವೋ ನಾಟಕವೋ ಅವನಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದೇ ಆಗಿರಲಿ, ತಪ್ಪು ಮಾತ್ರ ಅವನದೇ.

ದಲ್ಲಾಳಿಗೆ ಫೋನು ಮಾಡಿದ.

"ಡಾಕ್ಟ್ರು ಒಪ್ಪಿದ್ರೆ ನಾಳೆಯೇ ತಿದ್ದಿಸ್ಬಹುದು" ಎಂದ ದಲ್ಲಾಳಿ. "ಒಪ್ಪಲ್ಲ ಅಂದ್ರೆ ಕೋರ್ಟು. ಹತ್ತು ವರ್ಷ ಅಂತೂ ಗ್ಯಾರಂಟಿ. ಅವರಿಗೀಗ ಎಪ್ಪತ್ತೊಂಬತ್ತು. ನೋಡಿ, ನಾನೇನೂ ಹೇಳಲ್ಲ."

"ತಿದ್ದೋಣ ಡಾಕ್ಟ್ರೇ" ಎಂದು ಅವನು ಕೆಂಪು ಪೆನ್ನು ತೆಗೆದು, ಭಿಕ್ಷೆ ಬೇಡುವವನಂತೆ ಚಾಚಿದ. "ಒಂದು ಗೆರೆ ಎಳೆದು ಕೂಡಿಸೋದು ಅಷ್ಟೆ."

ಡಾಕ್ಟರು ಪೆನ್ನನ್ನು ನೋಡಿದರು, ಕಿಟಕಿಯ ಹೊರಗೆ ನೋಡಿದರು. ಕೆಳಗೆ ತುತ್ತೂರಿ ಒಂದು ಸಲ ಅಪಸ್ವರ ನುಡಿದು ಸುಮ್ಮನಾಯಿತು. "ನೀವೇ ಓದಿ, ನೀವೇ ತಿದ್ದಿ ಕೊಟ್ಟಿದ್ದು. ಅದನ್ನ ನಾನ್ಯಾಕೆ ತಿದ್ದಲಿ?" ಎಂದು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ಅವನು ಇನ್ನೂ ಏನೇನೋ ಕೂಗುತ್ತಿದ್ದ. ವಕೀಲರು, ಪೊಲೀಸರು, ವಿಶ್ವಾಸಘಾತ. ಹೆಂಡತಿ ಸುರುಳಿಯನ್ನು ಎತ್ತಿಕೊಂಡು ಸೀದಾ ಹಜಾರದೊಳಗೆ ಹೋದಳು. ಕಡುಗೆಂಪು ಮಕಮಲ್ಲು, ಬೀದಿ ಕೊನೆಯ ನಾಟಕ ಮಂದಿರದ್ದೇ. ವಾರದೊಳಗೆ ಕೊಡಬೇಕಿತ್ತು.

"ಹಜಾರ ನಿಮ್ಮದೇ ಇರ್ಲಿ ಡಾಕ್ಟ್ರೇ. ಸ್ವಲ್ಪ ಕಾಲು ಎತ್ತಿ."

ಡಾಕ್ಟರು ತಬ್ಬಿಬ್ಬಾಗಿ ಎರಡೂ ಕಾಲು ಎತ್ತಿದರು. ಅವಳು ಕಿಟಕಿಯ ಬುಡದಿಂದ ಬಟ್ಟೆ ಉರುಳಿಸಿಕೊಂಡು ಬಂದಳು. ಅವನು ಒಂದು ಅಂಚು ಹಿಡಿಯಲು ಓಡಿ ಹೋದ.

"ನೀವು ಮಧ್ಯ ಬರಬೇಡಿ" ಎಂದಳು.

ಹದಿನೇಳು ಅಡಿ ಬಟ್ಟೆ ಒಂದು ಸುಕ್ಕಿಲ್ಲದೆ ಹಾಸಿಕೊಂಡು ಬಂದು ಕುರ್ಚಿಯ ಕಬ್ಬಿಣದ ಕಂಬಕ್ಕೆ ತಗುಲಿ ನಿಂತಿತು. ಡಾಕ್ಟರ ಕಾಲುಗಳೇನೋ ಮೇಲಿದ್ದವು. ಕುರ್ಚಿಯನ್ನು ನಾಲ್ಕು ಬೋಲ್ಟು ಹಾಕಿ ನೆಲಕ್ಕೆ ಬಿಗಿದಿತ್ತು. ಸುರುಳಿಯಲ್ಲಿ ಇನ್ನೂ ಅಷ್ಟೇ ಬಟ್ಟೆ ಉಳಿದಿತ್ತು.

ಅವಳು ಮಂಡಿಯೂರಿ ಬೋಲ್ಟುಗಳನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ಪೆನ್ನು ಹಿಡಿದು ನಿಂತಿದ್ದ ಗಂಡನ ಕಡೆ ತಿರುಗಿದಳು.

"ಇಲ್ಲಿ ಜಾಗ ಬಿಡ್ಬೇಕು, ಅಲ್ವೇನ್ರೀ?"

ಅವನು ಪೆನ್ನಿಗೆ ಮುಚ್ಚಳ ಹಾಕಿದ. ಅವಳು ಬಟ್ಟೆಯ ಅಂಚನ್ನು ಹಿಡಿದು, ಕುರ್ಚಿಯ ಬುಡದಿಂದ ಹಿಂದಕ್ಕೆ ತಂದು, ಮಡಿಸಿದಳು.