ಅಭೇದ್ಯನ ಎಡಗೈ

ಭಾವ ನನಗೆ ಕೈ ಕೊಟ್ಟ ಸಂಗತಿ ಗೊತ್ತಾದದ್ದು ಪುಸ್ತಕದಂಗಡಿಯಲ್ಲಿ, ಒಂದು ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಗೆ. ನಾನು ಹೋದದ್ದು ಪೆನ್ಸಿಲ್ ಕೊಳ್ಳಲು. ಬಾಗಿಲ ಪಕ್ಕದ ಗಾಜಿನ ಕಪಾಟಿನಲ್ಲಿ ಹೊಸದಾಗಿ ಬಂದ ಚಿತ್ರಕಥೆಯ ಪುಸ್ತಕವೊಂದನ್ನು ನಿಲ್ಲಿಸಿದ್ದರು. ಅದರ ಮುಖಪುಟದ ಮೇಲೆ ಭಾವ ಕೂತಿದ್ದರು.

ಭಾವನ ಹಾಗೆ ಕಾಣುವ ಯಾರೋ ಇರಬಹುದು ಎಂದು ನನ್ನನ್ನೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಹದಿನೆಂಟು ವರ್ಷ ಒಬ್ಬರ ಕಿವಿಯನ್ನು ಬರೆದವನಿಗೆ ಆ ಕಿವಿ ಎಲ್ಲಿ ಸಿಕ್ಕರೂ ಗುರುತು ಸಿಗುತ್ತದೆ. ಬಲಗಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿದೆ, ಎಡಗಿವಿಯದು ಜೋತುಬಿದ್ದಿದೆ. ಸಾಕ್ಷಾತ್ ಭಾವ. ಪೆನ್ಸಿಲ್ ಮರೆತು ಆ ಪುಸ್ತಕ ಕೊಂಡು ಬಂದೆ.

ನನ್ನ ಕೆಲಸ ಏನೆಂದು ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗಲಿಕ್ಕಿಲ್ಲ. ನಾನು ಸೂಪರ್‌ಹೀರೋಗಳನ್ನು ಬರೆಯುವವನು. ಗೆರೆ ಎಳೆದು ಒಳಗೆ ಬಣ್ಣ ತುಂಬುವ ಪೈಕಿಯಲ್ಲ. ಎದುರಿಗೆ ಮನುಷ್ಯನನ್ನು ನಿಲ್ಲಿಸಿಕೊಂಡು, ಬೆಳಕು ನೋಡಿಕೊಂಡು, ಪುಟಪುಟವನ್ನೂ ನೀರುಬಣ್ಣದಲ್ಲಿ ಬರೆಯುತ್ತೇನೆ. ನನ್ನ ನಾಯಕನ ಹೆಸರು ಅಭೇದ್ಯ. ಅವನಿಗೆ ಗುಂಡು ತಾಗುವುದಿಲ್ಲ, ಬೆಂಕಿ ಸುಡುವುದಿಲ್ಲ, ಸಾಲದ್ದಕ್ಕೆ ಹಾರುತ್ತಾನೆ ಬೇರೆ. ಇಷ್ಟು ದೊಡ್ಡ ಸುಳ್ಳನ್ನು ಜನ ನಂಬಬೇಕಾದರೆ ಅದರ ಸುತ್ತಮುತ್ತ ಇರುವುದೆಲ್ಲ ನಿಜವಾಗಿರಬೇಕು ಎಂಬುದು ನನ್ನ ಹಟ. ಹಾರುವವನ ಬೂಟಿನಡಿ ಮಣ್ಣಿರಬೇಕು. ಮಂಡಿಯ ಹಿಂದೆ ಬಟ್ಟೆ ಸುಕ್ಕುಗಟ್ಟಬೇಕು. ಮಡಿಕೆಯನ್ನು ತಲೆಯಿಂದ ಹುಟ್ಟಿಸಬಾರದು, ಬಟ್ಟೆಯಲ್ಲೇ ನೋಡಬೇಕು.

ಆ ಬಟ್ಟೆ ತೊಟ್ಟು ನಿಂತವರು ಭಾವ. ನನ್ನ ಅಕ್ಕನ ಗಂಡ, ಲಿಫ್ಟ್ ರಿಪೇರಿ ಅವರ ಕಸುಬು. ದಿನವಿಡೀ ತಂತಿಹಗ್ಗ ಎಳೆದ ತೋಳು, ಅಗಲ ಭುಜ, ಯಾವುದಕ್ಕೂ ಗಾಬರಿಯಾಗದ ಮುಖ. ಹೊಟ್ಟೆ ಮಾತ್ರ ಸ್ವಲ್ಪ ಮುಂದಿತ್ತು, ಅದನ್ನು ನಾನೇ ಕುಂಚದಲ್ಲಿ ಒಳಗೆಳೆಯುತ್ತಿದ್ದೆ. ಅಕ್ಕ ಆಟಗಾರರು ತೊಡುವ ಹಿಗ್ಗುವ ಬಟ್ಟೆಯಲ್ಲಿ ಅಭೇದ್ಯನ ಉಡುಪು ಹೊಲಿದುಕೊಟ್ಟಿದ್ದಳು, ಹಳೆಯ ಪರದೆಯೊಂದರಲ್ಲಿ ಬೆನ್ನ ಮೇಲೆ ಇಳಿಬೀಳುವ ಕೇಪು. ಪ್ರತಿ ಭಾನುವಾರ ಒಂಬತ್ತರಿಂದ ಹನ್ನೊಂದು, ಉತ್ತರದ ಕಿಟಕಿಯ ಬೆಳಕು ಹದವಾಗಿರುವಷ್ಟು ಹೊತ್ತು, ಭಾವ ನನ್ನ ಕೋಣೆಯಲ್ಲಿ ಲೋಕ ಕಾಯುತ್ತಿದ್ದರು. ಹಾರುವ ಚಿತ್ರಗಳಿಗೆ ಊಟದ ಮೇಜಿನ ಮೇಲೆ ಬೋರಲು ಮಲಗಿ ಕೈ ಚಾಚುತ್ತಿದ್ದರು. ಅಕ್ಕ ಸ್ಟೂಲು ಹತ್ತಿ ಕೇಪಿನ ತುದಿ ಹಿಡಿದು ಅಲ್ಲಾಡಿಸುತ್ತಿದ್ದಳು, ನಾನು ಟೇಬಲ್ ಫ್ಯಾನ್ ತಿರುಗಿಸುತ್ತಿದ್ದೆ. ಒಮ್ಮೆ ಪಕ್ಕದ ಮನೆಯಾಕೆ ಏಣಿ ಕೇಳಲು ಬಂದವಳು ಬಾಗಿಲಲ್ಲಿ ಇದನ್ನು ನೋಡಿ, ಏಣಿ ಕೇಳದೆಯೇ ಹಿಂದಕ್ಕೆ ಹೋದಳು. ಭಾವ ಮಲಗಿದ್ದಲ್ಲಿಂದಲೇ, "ಲಿಫ್ಟ್ ಇಲ್ದೇನೇ ಮೇಲೆ ಹೋಗ್ತಾನಲ್ಲ ಈ ನಿನ್ನ ಅಭೇದ್ಯ, ನನ್ನ ಹೊಟ್ಟೆ ಮೇಲೆ ಹೊಡೆಯೋಕೇ ಹುಟ್ಟಿದಾನೆ," ಅಂದಿದ್ದರು. ನಕ್ಕು ನಕ್ಕು ಅಕ್ಕ ಸ್ಟೂಲಿನಿಂದ ಬೀಳುವುದೊಂದು ಬಾಕಿ.

ಹೀಗೆ ಇಪ್ಪತ್ತಮೂರು ಪುಸ್ತಕ ಮುಗಿದಿದ್ದವು. ಇಪ್ಪತ್ತನಾಲ್ಕನೆಯದು ಕೊನೆಯದು. ಒಳಪುಟಗಳೆಲ್ಲ ತಯಾರಾಗಿ ಮುಖಪುಟವೊಂದು ಉಳಿದಿತ್ತು. ಕುಸಿಯುತ್ತಿರುವ ಚಾವಣಿಯನ್ನು ಅಭೇದ್ಯ ಎರಡೂ ಕೈಯೆತ್ತಿ ತಡೆದು ನಿಂತಿದ್ದಾನೆ, ಕೆಳಗೆ ಜನ. ಆ ಒಂದು ಚಿತ್ರದ ಮೇಲೆ ಹದಿನೆಂಟು ವರ್ಷದ ಕೆಲಸ ನಿಂತಿತ್ತು. ಅದಕ್ಕಾಗಿ ಭಾವ ಬರಬೇಕಿದ್ದದ್ದು ಬರುವ ಭಾನುವಾರ. ಅಷ್ಟರಲ್ಲಿ ಮಂಗಳವಾರ ಬಂತು.

ಮನೆಗೆ ಬಂದು ಪುಸ್ತಕವನ್ನು ಕಿಟಕಿಯ ಬಳಿ ಹಿಡಿದೆ. ಬರೆದವಳ ಹೆಸರು ನೋಡುವ ಅಗತ್ಯವೇ ಇರಲಿಲ್ಲ. ಆರು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತು ನನ್ನ ಪುಟಗಳಿಗೆ ಕಟ್ಟಡ, ಮೋಡ, ರಸ್ತೆ ಬರೆದವಳು. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು, ಅದಕ್ಕೇ ಅವಳನ್ನು ರಬ್ಬರು ಎಂದು ಕರೆಯುತ್ತಿದ್ದೆ. ಎರಡು ವರ್ಷದ ಹಿಂದೆ ಸ್ವಂತ ಕೆಲಸ ಮಾಡುತ್ತೇನೆಂದು ಹೊರಟಾಗ ನೆನಪಿಗೆ ನನ್ನ ಹಳೆಯ ಕುಂಚವೊಂದನ್ನು ಕೇಳಿ ತೆಗೆದುಕೊಂಡು ಹೋದಳು. ಹೋದದ್ದು ಕುಂಚ ಒಂದೇ ಅಂದುಕೊಂಡಿದ್ದೆ.

ಅವಳ ನಾಯಕ ವಯಸ್ಸಾದವನು. ಉಡುಪಿನೊಳಗಿನ ಹೊಟ್ಟೆ ಇದ್ದ ಹಾಗೇ ಇದೆ. ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾನೆ. ಹಿಂದಿರುವ ಲಿಫ್ಟಿನ ಬಾಗಿಲಿಗೆ 'ಕೆಟ್ಟಿದೆ' ಎಂಬ ಬೋರ್ಡು. ದಾರ ಹಿಡಿದ ಎಡಗೈ ಚಿತ್ರದ ಮುಂಭಾಗದಲ್ಲಿ ಮುಖದಷ್ಟೇ ದೊಡ್ಡದಾಗಿ ಬಂದಿದೆ, ಬೆಳಕೆಲ್ಲ ಅದರ ಮೇಲೇ. ಆ ಕೈಗೆ ಮೂರೇ ಬೆರಳು.

ಭಾವನ ಎಡಗೈಗೂ ಮೂರೇ ಬೆರಳು. ಹನ್ನೊಂದು ವರ್ಷದ ಹಿಂದೆ ಲಿಫ್ಟಿನ ರಾಟೆಯಲ್ಲಿ ಸಿಕ್ಕಿ ಕಿರುಬೆರಳು, ಉಂಗುರದ ಬೆರಳು ಎರಡೂ ಹೋದವು. ನಾಲ್ಕು ತಿಂಗಳ ಮೇಲೆ ಭಾವ ಮತ್ತೆ ನನ್ನ ಕೋಣೆಗೆ ಬಂದ ಮೊದಲ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಕಿಟಕಿಯ ಬೆಳಕಿಗೆ ತಾವೇ ಕೈ ಹಿಡಿದು, ಇದನ್ನೇನು ಮಾಡ್ತೀಯ ಎಂದು ಕೇಳಿದ್ದರು. ಅಭೇದ್ಯನಿಗೆ ಏನೂ ಆಗುವ ಹಾಗಿಲ್ಲವಲ್ಲ ಭಾವ, ಅದನ್ನು ಕೆಳಗಿಡಿ, ಎಡಗೈಗೆ ನನ್ನದನ್ನೇ ಹಾಕಿಕೊಳ್ಳುತ್ತೇನೆ ಎಂದೆ. ಅವರಿಗೆ ಮುಜುಗರವಾಗದಿರಲಿ ಎಂಬ ಕಾಳಜಿಯಿಂದಲೇ ಅಂದೆ. ಅಂದಿನಿಂದ ಅಭೇದ್ಯನ ಎಡಗೈ ನನ್ನದು. ಕನ್ನಡಿಯಲ್ಲಿ ಎಡಗೈ ಬಲಗೈಯಾಗಿಬಿಡುತ್ತದೆ, ಹಾಗಾಗಿ ಎರಡು ಕನ್ನಡಿಗಳನ್ನು ಓರೆಯಾಗಿ ಜೋಡಿಸಿಟ್ಟು ನೋಡಿಕೊಂಡು ಬರೆಯುತ್ತೇನೆ. ಕೈ ಕಾಣಬೇಕಿಲ್ಲದ ಚಿತ್ರಗಳಲ್ಲಿ ಭಾವ ಅದನ್ನು ಕೇಪಿನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಕೇಪಿನ ಎಡಭಾಗಕ್ಕೆ ಬೀಳುತ್ತಿದ್ದ ಆ ಉಬ್ಬು ಮಡಿಕೆಯನ್ನು ಮೆಚ್ಚಿ ಓದುಗರು ನನಗೆ ಪತ್ರ ಬರೆದದ್ದುಂಟು.

ಮುಖಪುಟವನ್ನು ಇನ್ನೂ ಹತ್ತಿರ ಹಿಡಿದೆ. ಮಡಿಕೆಗಳನ್ನು ರಬ್ಬರು ಎಷ್ಟು ನಿಯತ್ತಾಗಿ ಬರೆದಿದ್ದಳೆಂದರೆ ಕೊರಳಪಟ್ಟಿಯ ಹೊಲಿಗೆ ಕೂಡ ಲೆಕ್ಕಕ್ಕೆ ಸಿಗುತ್ತಿತ್ತು. ಜೋಡಿ ಹೊಲಿಗೆ, ಮೂಲೆಗೆ ಬಂದಾಗ ಒಂದು ಅಡ್ಡಗಂಟು. ಹಾಗೆ ಅಡ್ಡಗಂಟು ಹಾಕುವವಳು ನಾನು ಕಂಡ ಹಾಗೆ ಒಬ್ಬಳೇ. ಚಿಕ್ಕಂದಿನಲ್ಲಿ ನನ್ನ ಶಾಲೆಯ ಅಂಗಿಗೂ ಹಾಗೇ ಹಾಕುತ್ತಿದ್ದಳು.

ಅಂದರೆ ಅಕ್ಕನೂ.

ಚಪ್ಪಲಿ ಮೆಟ್ಟಿಕೊಂಡು ನೇರ ಅಕ್ಕನ ಮನೆಗೆ ಹೋದೆ. ಭಾವ ಕೆಲಸಕ್ಕೆ ಹೋಗಿದ್ದರು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಪುಸ್ತಕವನ್ನು ಯಂತ್ರದ ಮೇಲೆಯೇ ಇಟ್ಟೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿ, ಚೆನ್ನಾಗಿ ಬಂದಿದೆ ಅಲ್ವಾ ಎಂದು ನನ್ನನ್ನೇ ಕೇಳಿದಳು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಎಂಟು ತಿಂಗಳಿಂದ ಶನಿವಾರ ಮಧ್ಯಾಹ್ನಗಳಲ್ಲಿ ಭಾವ ರಬ್ಬರಿನ ಹತ್ತಿರ ಹೋಗುತ್ತಿದ್ದರಂತೆ. ಮರುದಿನ ಬೆಳಗ್ಗೆ ಏನೂ ಆಗದವರ ಹಾಗೆ ನನ್ನ ಕೋಣೆಗೆ ಬಂದು ನಿಲ್ಲುತ್ತಿದ್ದರು. ಎಂಟು ತಿಂಗಳು ಗಂಡಹೆಂಡತಿ ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ದರು.

"ನನಗೊಂದು ಮಾತು ಹೇಳ್ಬೇಕು ಅಂತ ನಿಂಗೂ ಅನ್ನಿಸಲಿಲ್ವಾ ಅಕ್ಕ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ," ಅಂದಳು ಅಕ್ಕ. "ನೀನು ಬೇಡ ಅಂದಿದ್ರೆ ಅವರು ಹೋಗ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ ಕಣೋ."

ಅವಳು ಪುಸ್ತಕವನ್ನು ಒರೆಸಿ ಪಕ್ಕಕ್ಕಿಟ್ಟು ಮತ್ತೆ ಯಂತ್ರ ತುಳಿಯತೊಡಗಿದಳು. ಹೊರಡುವಾಗ ಪುಸ್ತಕ ವಾಪಸು ಕೇಳಿದೆ, ಇದು ಇಲ್ಲೇ ಇರಲಿ ಅಂದಳು.

ಬುಧವಾರ ಪ್ರಕಾಶಕರು ಫೋನ್ ಮಾಡಿದರು. ಅವರೂ ನೋಡಿದ್ದರಂತೆ. ಎರಡು ಪುಸ್ತಕಕ್ಕೆ ಒಂದೇ ಮುಖವಾಯಿತು, ನಿಮ್ಮ ಅಭೇದ್ಯನಿಗೆ ಗಡ್ಡವನ್ನಾದರೂ ಬಿಡಿಸಬಹುದೇ ಎಂದು ಕೇಳಿದರು. ಹದಿನೆಂಟು ವರ್ಷ ನುಣ್ಣಗೆ ಇದ್ದವನಿಗೆ ಕೊನೆಯ ಮುಖಪುಟದಲ್ಲಿ ಗಡ್ಡ. ಫೋನ್ ಕುಕ್ಕಿ ರಬ್ಬರಿಗೆ ಮಾಡಿದೆ. ಅವಳು ಅತ್ತು ಕ್ಷಮೆ ಕೇಳುತ್ತಾಳೆಂದು ಎಣಿಸಿದ್ದೆ. ಅವಳ ದನಿಯಲ್ಲಿ ಭಯವೇನೋ ಇತ್ತು, ಆದರೂ ಹಿಂದೆ ಸರಿಯಲಿಲ್ಲ. ಇರುವುದನ್ನು ಇರುವ ಹಾಗೆ ಬರೆ ಎಂದು ಆರು ವರ್ಷ ತಲೆ ತಿಂದವರು ನೀವೇ ಅಲ್ಲವೇ ಸಾರ್ ಅಂದಳು. ಮೊದಲ ಶನಿವಾರ ಅವಳು ಭಾವನನ್ನು ಕೇಳಿದ್ದೇ, ಎಡಗೈ ಸ್ವಲ್ಪ ತೋರಿಸ್ತೀರಾ ಎಂದಂತೆ. ಭಾವ ಅದನ್ನು ನಿಧಾನವಾಗಿ ಜೇಬಿನಿಂದ ತೆಗೆದರಂತೆ. ಅಷ್ಟು ಕೇಳಿಸಿಕೊಂಡು ಆ ಫೋನನ್ನೂ ಕುಕ್ಕಿದೆ.

ಭಾವ ಬರುವುದಿಲ್ಲ, ಬಂದರೂ ಒಳಗೆ ಸೇರಿಸುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಮೂರು ದಿನ ಒಬ್ಬನೇ ಒದ್ದಾಡಿದೆ. ನನ್ನದೇ ಮೈಯನ್ನು ಕನ್ನಡಿಯಲ್ಲಿ ನಿಲ್ಲಿಸಿ ಕೈ ಎತ್ತಿ ನೋಡಿದೆ. ಚಾವಣಿ ಹೊರುವ ಮಾತಿರಲಿ, ಒಣಗಿದ ಬಟ್ಟೆ ತೆಗೆಯುವವನ ಹಾಗೆ ಕಂಡೆ. ಎಂಟು ಹಾಳೆ ಹರಿದು ಬಿಸಾಡಿದೆ.

ಭಾನುವಾರ ಒಂಬತ್ತಕ್ಕೆ ಸರಿಯಾಗಿ ಬಾಗಿಲು ಬಡಿದ ಸದ್ದಾಯಿತು. ಭಾವ ಉಡುಪಿನ ಚೀಲ ಹಿಡಿದು ನಿಂತಿದ್ದರು. ಬಾಗಿಲು ಹಾಕಿಬಿಡಬೇಕೆಂದು ಮನಸ್ಸಿತ್ತು, ಕೈ ಬರಲಿಲ್ಲ. ಅವರು ಎಂದಿನಂತೆ ಒಳಗೆ ಬಂದು ಚೀಲವನ್ನು ಕುರ್ಚಿಯ ಮೇಲಿಟ್ಟರು. ಎಡಗೈ ಎಂದಿನಂತೆ ಪ್ಯಾಂಟಿನ ಜೇಬಿನಲ್ಲಿತ್ತು. ನಾನು ಮಾತನಾಡಬಾರದೆಂದಿದ್ದವನು ಮಾತನಾಡಿಬಿಟ್ಟೆ.

"ಬೇರೆ ಯಾರಾದ್ರೂ ಆಗಿದ್ರೆ ತಲೆ ಕೆಡಿಸ್ಕೋತಿರಲಿಲ್ಲ. ನೀವು ನನಗೆ ಕೈ ಕೊಟ್ರಲ್ಲ ಭಾವ."

ಭಾವ ಕಿಟಕಿಯ ಹತ್ತಿರ ಹೋದರು. ಜೇಬಿನಿಂದ ಕೈ ತೆಗೆದು ಬೆಳಕಿಗೆ ಹಿಡಿದರು. ಹನ್ನೊಂದು ವರ್ಷದ ಹಿಂದೆ ನಿಂತಿದ್ದಲ್ಲೇ ನಿಂತಿದ್ದರು.

"ಕೊಡೋಕೆ ಅಂತಾನೇ ಬಂದಿದ್ದೆ ಕಣಯ್ಯ ನಿನ್ ಹತ್ರ," ಅಂದರು. "ಇಲ್ಲೇ, ಇದೇ ಕಿಟಕಿ ಹತ್ರ. ನೀನು ತಗೊಳ್ಳಲಿಲ್ಲ."

ಆ ಕೈಯನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಹೋದ ಬೆರಳುಗಳ ಬುಡದಲ್ಲಿ ಚರ್ಮ ಹೊಳೆಯುತ್ತಿತ್ತು. ಉಳಿದ ಮೂರು ಬೆರಳುಗಳು ಐದರ ಕೆಲಸ ಮಾಡಿ ದಪ್ಪಗಾಗಿದ್ದವು, ಹೆಬ್ಬೆರಳು ಒಳಕ್ಕೆ ಬಾಗಿತ್ತು. ಹನ್ನೊಂದು ವರ್ಷ ವಾರಕ್ಕೊಮ್ಮೆ ಎದುರಿಗೆ ನಿಂತವರ ಕೈಯನ್ನು ನಾನು ಪುಸ್ತಕದಂಗಡಿಯ ಕಪಾಟಿನಲ್ಲಿ ನೋಡಿ ತಿಳಿಯಬೇಕಾಯಿತು. ನಾಚಿಕೆಯಾಯಿತು. ಸಿಟ್ಟೂ ಇತ್ತು. ಎಂಟು ತಿಂಗಳ ಸುಳ್ಳು ಸುಳ್ಳೇ ತಾನೇ?

"ಹಾಗಾದ್ರೆ ಈ ಸಲ ಇದನ್ನೇ ಬರೀತೀನಿ," ಅಂದೆ. "ಎರಡೂ ಕೈ ಎತ್ತಿ ಹಿಡೀರಿ. ಮೂರಿದ್ರೆ ಮೂರು."

ಅವರು ಒಳಗೆ ಹೋಗಿ ಉಡುಪು ಹಾಕಿಕೊಂಡು ಬಂದರು. ಚಾಕ್‌ನಲ್ಲಿ ನಾನು ಗುರುತು ಮಾಡಿದ್ದ ಜಾಗದಲ್ಲಿ ಕಾಲು ಅಗಲಿಸಿ ನಿಂತು ಬಲಗೈ ಎತ್ತಿದರು. ಭುಜದ ಮೇಲೆ ನಿಜಕ್ಕೂ ಏನೋ ಭಾರ ಬಿದ್ದ ಹಾಗೆ ಕತ್ತಿನ ನರ ಉಬ್ಬಿತು. ಎಡಗೈ ಮೇಲೆ ಬರಲಿಲ್ಲ.

"ಭಾವ, ಎಡಗೈ."

"ಇದು ಬೇಡ," ಅಂದರು. ಸಿಟ್ಟಿರಲಿಲ್ಲ. ಹಳೆಯ ಲಿಫ್ಟಿಗೆ ಈ ಸಾಮಾನು ಸಿಗುವುದಿಲ್ಲ ಎಂದು ಗಿರಾಕಿಗೆ ಹೇಳುವಾಗಿನ ದನಿಯೇ. "ಇದನ್ನ ಆ ಹುಡುಗಿಗೆ ಕೊಟ್ಟಾಯ್ತು. ನಿನ್ನ ಅಭೇದ್ಯನಿಗೆ ನಿಂದೇ ಇರ್ಲಿ."

ಮತ್ತೊಮ್ಮೆ ಕೇಳುವ ಮುಖ ನನಗಿರಲಿಲ್ಲ. ಕುಂಚ ತೆಗೆದುಕೊಂಡೆ. ಎರಡು ಗಂಟೆ ಅವರು ಒಂದೇ ಕೈಯಲ್ಲಿ ಇಲ್ಲದ ಚಾವಣಿಯನ್ನು ಹೊತ್ತು ನಿಂತರು, ನಡುವೆ ಒಮ್ಮೆ ಒಂದು ಲೋಟ ನೀರು ಕೇಳಿದರು. ಎಡಗೈಯನ್ನು ಅಭ್ಯಾಸದಂತೆ ಕೇಪಿನ ಹಿಂದಕ್ಕೆ ಒಯ್ದಿದ್ದರು. ಕೇಪಿನ ಎಡಭಾಗಕ್ಕೆ ಆ ಉಬ್ಬು ಮಡಿಕೆ ಬಿತ್ತು, ಓದುಗರು ಮೆಚ್ಚಿದ ಮಡಿಕೆ. ಅದರೊಳಗೆ ಒಂದು ಮುಷ್ಟಿ ಇದೆ ಎಂದು ಗೊತ್ತಿದ್ದೇ ನಾನು ಅದನ್ನು ಅಷ್ಟೂ ವರ್ಷ ಬರೆದಿದ್ದೆ.

ಹನ್ನೊಂದಕ್ಕೆ ಬೆಳಕು ಸರಿಯಿತು. ಭಾವ ಬಟ್ಟೆ ಬದಲಿಸಿ ಉಡುಪನ್ನು ಮಡಚಿ ನನ್ನ ಕುರ್ಚಿಯ ಮೇಲಿಟ್ಟರು. ಚೀಲ ಖಾಲಿಯಾಗಿಯೇ ಅವರ ಜೊತೆ ಹೋಯಿತು. ಇನ್ನು ಭಾನುವಾರಗಳು ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಭಾವ ನನಗೆ ಮೋಸ ಮಾಡಿದರು ಎಂದು ನಾನು ಈಗಲೂ ಹೇಳುತ್ತೇನೆ, ಅಕ್ಕನ ಎದುರಿಗೂ ಹೇಳುತ್ತೇನೆ. ಆ ದಿನ ಅವರು ಹೋದ ಮೇಲೆ ಬಾಗಿಲು ಹಾಕಿ, ಎರಡು ಕನ್ನಡಿಗಳನ್ನು ಓರೆಯಾಗಿ ಜೋಡಿಸಿ ನನ್ನ ಎಡಗೈ ಎತ್ತಿ ಹಿಡಿದೆ. ಭಾವನ ಬಲಗೈ ಹಾಳೆಯ ಮೇಲೆ ಇನ್ನೂ ಹಸಿಯಾಗಿತ್ತು. ಕನ್ನಡಿಯಲ್ಲಿ ಬೆರಳುಗಳನ್ನು ಎಣಿಸಿದೆ. ಐದೂ ಇದ್ದವು.